ಅಣ್ಣನೂ ಗಂಡನೂ ಒಂದೇ ಸಾಲಿನಲ್ಲಿ ಕೂತ ದಿನ

ನಮ್ಮ ಲಂಬಾಣಿಗರ ಗುರು ಸೇವಾಭಾಯಾನನ್ನೂ ಮರಿಯಮ್ಮ ತಾಯಿಯನ್ನೂ ನಂಬಿರುವ ಬಂಧುಗಳೇ, ನಾನು ನ್ಯಾಮತಿಯ ಸೀತಾಬಾಯಿ. ಬಸ್ ಸ್ಟ್ಯಾಂಡಿನ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹೋದ ವರ್ಷ ನನ್ನ ತವರಿಗೂ ನನ್ನ ಮನೆಗೂ ಸಂಬಂಧವೇ ಕಡಿದುಹೋಗುವ ಹೊತ್ತು ಬಂದಿತ್ತು. ಕಾರಣ ಆಸ್ತಿಯಲ್ಲ, ಕುಡಿತವಲ್ಲ. ಫುಟ್‌ಬಾಲ್! ನಗಬೇಡಿ. ನಕ್ಕರೂ ಪರವಾಗಿಲ್ಲ, ಪೂರ್ತಿ ಓದಿ.

ನಮ್ಮೂರಿನ ಗುಡುಗು ಫುಟ್‌ಬಾಲ್ ಕ್ಲಬ್ ಕಟ್ಟಿದ್ದು ನನ್ನ ಅಣ್ಣ ಲಕ್ಷ್ಮಣ. ಅವನೇ ಅಧ್ಯಕ್ಷ. ಹುಡುಗರನ್ನು ತಿದ್ದಿ ತಂಡ ಮಾಡಿದ್ದು ನನ್ನ ಗಂಡ ಕೃಷ್ಣ. ಅವರು ಕೋಚ್. ನಾನು ಮದುವೆಗೆ ಮುಂಚೆ ಹೊನ್ನಾಳಿಯಲ್ಲಿ ಕಾಲೇಜು ತಂಡಕ್ಕೆ ಆಡಿದವಳು. ಈಗ ತಂಡದ ಜರ್ಸಿ ಹೊಲಿಯುತ್ತೇನೆ, ಮೈದಾನದ ಹಗ್ಗದ ಆಚೆ ನಿಂತು ಗಂಟಲು ಹರಿಯುವಂತೆ ಕೂಗುತ್ತೇನೆ. ಆಟ ಮುಗಿದ ಮೇಲೆ ರೊಟ್ಟಿ ತಟ್ಟುತ್ತಾ, ಯಾರು ಎಲ್ಲಿ ತಪ್ಪಿದರು ಎಂದು ಗಂಡನಿಗೆ ವರದಿ ಒಪ್ಪಿಸುವುದೂ ನನ್ನ ಕೆಲಸವೇ.

ಗಣೇಶನ ಹಬ್ಬ ಕಳೆದ ಮೇಲೆ ಚನ್ನಗಿರಿಯಲ್ಲಿ ಒಂದು ಪಂದ್ಯವಿತ್ತು. ಗೆಲ್ಲುತ್ತಿದ್ದ ಆಟ. ಅಷ್ಟರಲ್ಲಿ ನನ್ನ ಅಣ್ಣ ಹಗ್ಗ ದಾಟಿ ಒಳಗೆ ಬಂದು, "ಆ ಏಳನೇ ನಂಬರ್ ಹುಡುಗನ್ನ ಹೊರಗೆ ತಗೀರಿ!" ಎಂದು ಕೂಗಿದ. ಆ ಹುಡುಗ ಗಾಬರಿಯಾಗಿ ನಿಂತುಬಿಟ್ಟ. ಎದುರಿನವರು ಗೋಲು ಹೊಡೆದರು. ನನ್ನ ಗಂಡನಿಗೆ ಸಿಟ್ಟು ನೆತ್ತಿಗೇರಿತು.

"ಭಾವ, ಅಧ್ಯಕ್ಷರು ಹಗ್ಗದ ಆಚೆ ಇದ್ರೆ ಚಂದ."

"ಕ್ಲಬ್ ಕಟ್ಟಿದೋನು ನಾನು. ಎಲ್ಲಿ ನಿಲ್ಲಬೇಕು ಅಂತ ನನಗೇ ಹೇಳಾಕೆ ಬರ್ತೀರಾ?"

"ಹಂಗಾದ್ರೆ ನೀವೇ ಆಡಿಸಿಕೊಳ್ರಿ."

ಇಷ್ಟೇ ಮಾತು. ಗಂಡ ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡು ಬಸ್ ಹತ್ತಿದರು. ಗೋಲ್‌ಕೀಪರಿಗೆ ತರಬೇತಿ ಕೊಡುತ್ತಿದ್ದವರೂ, ಹುಡುಗರ ಉಳುಕಿದ ಕಾಲು ನೋಡುತ್ತಿದ್ದವರೂ ಅವರ ಹಿಂದೆಯೇ ಕ್ಲಬ್ ಬಿಟ್ಟರು. ವಾರ ಕಳೆಯುವುದರೊಳಗೆ ಜಗಳೂರಿನ ಕ್ಲಬ್ಬಿನವರು ನನ್ನ ಗಂಡನನ್ನು ಕರೆದರು. ಇವರು ಒಂದು ಸೀಸನ್ನಿಗೆ ಮಾತು ಕೊಟ್ಟೇಬಿಟ್ಟರು.

ಆಮೇಲೆ ನೋಡಬೇಕಿತ್ತು ನಮ್ಮೂರಿನ ಗಲಾಟೆ! ರುದ್ರಣ್ಣನ ಟೀ ಹೋಟೆಲಿನಲ್ಲಿ ಒಂದು ಬೆಂಚು ಅಧ್ಯಕ್ಷರ ಕಡೆಯವರದು, ಇನ್ನೊಂದು ಕೋಚ್ ಕಡೆಯವರದು. ನನ್ನ ಅಂಗಡಿ ಪಕ್ಕದಲ್ಲೇ ಇರುವುದರಿಂದ ಎಲ್ಲವೂ ಕಿವಿಗೆ ಬೀಳುತ್ತಿತ್ತು.

"ಮ್ಯಾನೇಜ್‌ಮೆಂಟೇ ಸರಿ ಇಲ್ಲ ಅಂದ್ಮೇಲೆ ಕೋಚ್ ಏನ್ ಮಾಡಾಕೆ ಆಗ್ತೈತೆ?" ಎಂದು ಒಬ್ಬ.

"ನಡು ನೀರಾಗೆ ಬಿಟ್ಟು ಹೋಗೋನು ಎಂಥಾ ಕೋಚು?" ಎಂದು ಇನ್ನೊಬ್ಬ.

"ಈ ಸಲ ಜಿಲ್ಲಾ ಕಪ್ಪಿನಾಗೆ ನಮಗೆ ನಾಲ್ಕನೇ ಸ್ಥಾನ ಗ್ಯಾರಂಟಿ ಬಿಡ್ರಿ," ಎಂದು ರುದ್ರಣ್ಣ ತೀರ್ಪು ಕೊಡುತ್ತಿದ್ದ. ಆ ಕಪ್ಪಿಗೆ ಆಡುವುದೇ ನಾಲ್ಕು ತಂಡ!

ಅವರು ಟೀ ಕುಡಿದು ಎದ್ದು ಹೋಗುತ್ತಿದ್ದರು. ನಾನು ಎಲ್ಲಿಗೆ ಹೋಗಲಿ? ದೀಪಾವಳಿಗೆ ಅಣ್ಣ ನನ್ನನ್ನು ತವರಿಗೆ ಕರೆಯಲಿಲ್ಲ. ಗಂಡ ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಹೊನ್ನಾಳಿ ಎಂದು ಬಸ್ ಬದಲಿಸುತ್ತಾ ಶನಿವಾರ ಮನೆಗೆ ಬಂದರೆ, ಅಣ್ಣನ ಹೆಸರೆತ್ತುವಂತಿರಲಿಲ್ಲ. ತಂಡದ ಹುಡುಗರು ಒಬ್ಬೊಬ್ಬರಾಗಿ ಅಭ್ಯಾಸಕ್ಕೆ ಬರುವುದು ಬಿಟ್ಟರು. ಸಂಕ್ರಾಂತಿ ಹೊತ್ತಿಗೆ, ಅಣ್ಣ ಕ್ಲಬ್ಬನ್ನೇ ಮುಚ್ಚುತ್ತಾನಂತೆ ಎಂಬ ಸುದ್ದಿ ಬಂತು. ಆ ದಿನ ಅರ್ಧ ಹೊಲಿದ ಜರ್ಸಿಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. "ತಾಯಿ ಮರಿಯಮ್ಮಾ, ಇವರನ್ನು ನಮ್ಮ ತಂಡಕ್ಕೆ ವಾಪಸ್ ಕೊಡು. ಸೇವಾಭಾಯಾನ ಜಯಂತಿಗೆ ಇವರ ಕೊರಳಿಗೆ ಮಾಲೆ ಹಾಕಿಸಿ ಸೂರಗೊಂಡನಕೊಪ್ಪಕ್ಕೆ ಕರೆತರುತ್ತೇನೆ," ಎಂದು ಹರಕೆ ಹೊತ್ತೆ. ಗಂಡನಿಗೆ ಹರಕೆ ಇದೆ ಎಂದಷ್ಟೇ ಹೇಳಿದೆ, ಬೇರೆ ಯಾರಿಗೂ ಬಾಯಿ ಬಿಡಲಿಲ್ಲ.

ನಮ್ಮ ತಾಂಡಾದಲ್ಲಿ ಮಾಲೆಗೆ ಕಟ್ಟಳೆ ಬಿಗಿ. ಹಾಕಿದವರು ಬರಿಗಾಲಲ್ಲಿರಬೇಕು, ಬಿರುಸು ಮಾತಾಡಬಾರದು. ಮಾಲೆ ಇಳಿಸುವ ದಿನ ಸಾಲಾಗಿ ಕೂತು, ಬೆಂಕಿಗೆ ಬೆಲ್ಲ, ತುಪ್ಪ, ಅನ್ನದ ಭೋಗ್ ಅರ್ಪಿಸಿ, ಆ ಪ್ರಸಾದವನ್ನು ಪಕ್ಕದವರ ಬಾಯಿಗೆ ಕೈಯಾರೆ ಇಡಬೇಕು. ಹಾಗೆ ಇಡದೆ ಮಾಲೆ ಇಳಿಸುವಂತಿಲ್ಲ. ಗಂಡ ಗೊಣಗದೆ ಮಾಲೆ ಹಾಕಿದರು. ಜಗಳೂರಿನ ಮೈದಾನದಲ್ಲಿ ಬರಿಗಾಲಲ್ಲಿ ಓಡಾಡಿ ಮುಳ್ಳು ಚುಚ್ಚಿಸಿಕೊಂಡು ಬಂದು, "ಹರಕೆ ನಿಂದು, ಅಂಗಾಲು ನಂದು ಕಣೇ," ಎನ್ನುತ್ತಿದ್ದರು.

ಜಯಂತಿಯ ದಿನ ಸೇವಾಭಾಯಾ ಹುಟ್ಟಿದ ಸೂರಗೊಂಡನಕೊಪ್ಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಲು ಕೂರಿಸುತ್ತಿದ್ದ ಹಿರಿಯರು, "ನ್ಯಾಮತಿ ಕಡೆಯೋರು ಎಲ್ಲಾ ಈ ಕಡೆ ಕೂಡ್ರಿ," ಎಂದು ಒಬ್ಬೊಬ್ಬರನ್ನೇ ಭುಜ ಒತ್ತಿ ಕೂರಿಸಿದರು. ಗಂಡ ಕೂತರು. ಅವರ ಪಕ್ಕಕ್ಕೆ ಬಂದು ಕೂತವನನ್ನು ನೋಡಿದೆ. ಕೊರಳಲ್ಲಿ ಮಾಲೆ, ಬರಿಗಾಲು, ನನ್ನ ಅಣ್ಣ! ಅವನ ಹಿಂದೆ ತುಪ್ಪದ ತಂಬಿಗೆ ಹಿಡಿದು ಅತ್ತಿಗೆ ಶಾಂತಿಬಾಯಿ ನಿಂತಿದ್ದರು.

"ಅತ್ತಿಗೆ, ನೀವೂ ಹರಕೆ ಹೊತ್ತಿದ್ರಾ?"

"ಹೂಂ ಕಣೇ. ನಿನಗೆ ಹೇಳಿದ್ರೆ ನಿನ್ನ ಗಂಡಗೆ ಹೇಳ್ತೀಯ, ಆಮೇಲೆ ಅವರು ಬರಾಕೇ ಒಪ್ಪಲ್ಲ ಅಂತ ಸುಮ್ನಿದ್ದೆ."

ನಾನು ಸುಮ್ಮನಿದ್ದದ್ದೂ ಇದೇ ಲೆಕ್ಕಾಚಾರದಿಂದ. ಇಬ್ಬರಲ್ಲಿ ಯಾರು ಬಾಯಿ ಬಿಟ್ಟಿದ್ದರೂ ಅವತ್ತು ಒಬ್ಬರು ತಪ್ಪಿಸಿಕೊಳ್ಳುತ್ತಿದ್ದರು. ನಮ್ಮ ಬಾಯಿ ಕಟ್ಟಿದ್ದು ಆ ತಾಯಿಯೇ ಎಂದು ನಾನು ನಂಬುತ್ತೇನೆ. ಏಕೆಂದರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುವ ಬಾಯಿಯಲ್ಲ.

ಭೋಗ್ ಆಯಿತು. ಪ್ರಸಾದ ಕೈಗೆ ಬಂತು. ಇಬ್ಬರೂ ಬೆಂಕಿ ನೋಡುತ್ತಾ ಕಲ್ಲಿನ ಹಾಗೆ ಕೂತರು. "ಇಡ್ರೀ, ಹಿಂದೆ ಜನ ಕಾಯ್ತಾರೆ," ಎಂದು ಹಿರಿಯರು ಗದರಿದರು. ಗಂಡ ನಿಧಾನಕ್ಕೆ ಕೈ ಚಾಚಿದರು. ಅಣ್ಣ ಬಾಯಿ ತೆರೆದ, ತುತ್ತು ಒಳಗೆ ಹೋಗುವ ಮೊದಲೇ ಕಣ್ಣಲ್ಲಿ ನೀರು ಬಂತು.

"ಭಾವ, ಅವತ್ತು ನಾನು ಹಗ್ಗ ದಾಟಿದ್ದು ತಪ್ಪಾತು."

"ಅಷ್ಟು ಜನರ ಮುಂದೆ ನಾನೂ ಹಂಗೆ ಅನ್ನಬಾರದಾಗಿತ್ತು." ಅವರು ಆಡಿದ್ದು ನಮ್ಮ ಲಂಬಾಣಿಯಲ್ಲಿ, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ ಬರೆದಿದ್ದೇನೆ.

"ವಾಪಸ್ ಬರ್ರಿ ಮತ್ತೆ," ಎಂದ ಅಣ್ಣ.

"ಜಗಳೂರಿನೋರಿಗೆ ಮಾತು ಕೊಟ್ಟೀನಿ. ಸೀಸನ್ ಮುಗಿಯೋತನಕ ಬರಾಕೆ ಆಗಲ್ಲ."

ನಾನು ಬೇಡಿದ್ದೇ ಇದನ್ನು, ಸಿಗದೇ ಹೋದದ್ದೂ ಇದೇ.

"ಹಂಗಾದ್ರೆ ನಮ್ಮ ಹುಡುಗರನ್ನ ಯಾರು ನೋಡ್ಕೊಂತಾರೆ?"

ಗಂಡ ಜೇಬಿನಿಂದ ಆ ಸೀಟಿ ತೆಗೆದರು. ಸೀದಾ ನನ್ನ ಕೈಗಿಟ್ಟರು. "ನಿಮ್ಮ ತಂಗಿ ಅದಾಳಲ್ಲ! ಇಷ್ಟು ವರ್ಷ ರೊಟ್ಟಿ ತಟ್ಟುತಾ ನನಗೆ ಹೇಳಿದ್ದನ್ನ ಇನ್ಮೇಲೆ ಹುಡುಗರಿಗೇ ಹೇಳ್ಲಿ."

ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡೆ ಬಂಧುಗಳೇ. ಪ್ರಸಾದವನ್ನೂ ಅಷ್ಟು ಭಕ್ತಿಯಿಂದ ಹಿಡಿದಿರಲಿಲ್ಲ, ತಾಯಿ ಕ್ಷಮಿಸಲಿ.

ಕಪ್ಪಿನ ಮೊದಲ ಪಂದ್ಯವೇ ಹೊನ್ನಾಳಿ ಮೈದಾನದಲ್ಲಿ, ಜಗಳೂರಿನ ಮೇಲೆ. ಆ ಕಡೆ ನನ್ನ ಗಂಡ, ಈ ಕಡೆ ನಾನು! ಮೊದಲರ್ಧದಲ್ಲಿ ಒಂದು ಗೋಲು ತಿಂದೆವು. ಹಗ್ಗದ ಆಚೆಯಿಂದ ರುದ್ರಣ್ಣ, "ಸೀತಕ್ಕಾ, ಆ ಏಳನೇ ನಂಬರ್ ತಗೀರಿ!" ಎಂದು ಅರಚಿದ. ನಾನು ತಿರುಗುವ ಮೊದಲೇ ಇನ್ನೊಂದು ದನಿ ಕೇಳಿತು. "ಏ ರುದ್ರಣ್ಣಾ, ಕೋಚ್ ನೋಡ್ಕೊಂತಾಳೆ, ನೀನು ಸುಮ್ಕಿರು!" ಅದು ನನ್ನ ಅಣ್ಣ. ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಆಚೆಯೇ ನಿಂತಿದ್ದ. ಅಲ್ಲೇ ಗೆದ್ದೆ ನಾನು. ಆಮೇಲೆ ಏಳನೇ ನಂಬರ್ ಹುಡುಗ ಎರಡು ಗೋಲು ಹೊಡೆದದ್ದು ಮೇಲಿನ ತುಪ್ಪ. ಎರಡನೆಯದಕ್ಕೆ ನನ್ನ ಗಂಡ ತಮ್ಮ ತಂಡವನ್ನೂ ಮರೆತು ಚಪ್ಪಾಳೆ ತಟ್ಟಿ, ಜಗಳೂರಿನವರ ಕೈಲಿ ಬೈಸಿಕೊಂಡರು.

ಕಪ್ ಚನ್ನಗಿರಿಯ ಪಾಲಾಯಿತು, ನಮಗೆ ಎರಡನೇ ಸ್ಥಾನ. ಆದರೆ ಕ್ಲಬ್ ಉಳಿಯಿತು. ಈ ದೀಪಾವಳಿಗೆ ಅಣ್ಣ ತಾನೇ ಬಂದು ನಮ್ಮಿಬ್ಬರನ್ನೂ ತವರಿಗೆ ಕರೆದುಕೊಂಡು ಹೋದ. ಗಂಡನ ಜಗಳೂರಿನ ಸೀಸನ್ ಮುಗಿದು ಅವರೂ ಊರಿಗೆ ಬಂದಿದ್ದಾರೆ. ರುದ್ರಣ್ಣನ ಬೆಂಚುಗಳಿಗೆ ಮತ್ತೆ ಕೈತುಂಬ ಕೆಲಸ: ಈ ಸಲ ಕೋಚ್ ಕೃಷ್ಣಣ್ಣನೋ ಸೀತಕ್ಕನೋ?

ನಾನು ಬೇಡಿದ್ದು ಒಂದು, ತಾಯಿ ಕೊಟ್ಟದ್ದು ಅದಕ್ಕಿಂತ ದೊಡ್ಡದು. ಆ ಋಣಕ್ಕೆ ಬರುವ ಜಯಂತಿಗೆ ನಾನೇ ಮಾಲೆ ಹಾಕುತ್ತೇನೆ. ಬರಿಗಾಲಲ್ಲಿರುತ್ತೇನೆ, ಬಿರುಸು ಮಾತು ಬಿಡುತ್ತೇನೆ. ನಿನ್ನೆ ಗಂಡ ಮೆಲ್ಲಗೆ, "ಸೀತಾ, ಆ ಸೀಟಿ ಎಲ್ಲೈತೆ?" ಎಂದು ಕೇಳಿದರು. ದೇವರ ಗೂಡಿನಲ್ಲಿದೆ ಎಂದೆ. ತಾಯಿ ಕೊಟ್ಟದ್ದನ್ನು ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ.