ಇಳಿಯಬಲ್ಲ ಭಾರ

ಆ ಭಾನುವಾರ ಕಟಾವು ಯಂತ್ರದ ಹಿಂಬದಿಯಲ್ಲಿ ಎಷ್ಟು ಜನ ನಿಂತಿದ್ದೆವು ಎಂದರೆ ನಾನು ಆರು ಎನ್ನುತ್ತೇನೆ, ನನ್ನ ಹೆಂಡತಿ ನಾಲ್ಕು ಎನ್ನುತ್ತಾಳೆ. ಉಳಿದಿಬ್ಬರನ್ನು ನಾನು ಯಾವಾಗಲೋ ಸೇರಿಸಿಕೊಂಡಿರಬಹುದು. ಆದರೆ ಕೆಸರು ನಿಜ, ಮೋಡ ನಿಜ, ನನ್ನ ತಪ್ಪೂ ನಿಜ.

ವಿಶಾಖಪಟ್ಟಣದಲ್ಲಿ ಹದಿನೈದು ವರ್ಷ ನೌಕಾಪಡೆಯಲ್ಲಿದ್ದು, ನಿವೃತ್ತನಾಗಿ, ಬ್ಯಾಂಕಿನ ಗುಮಾಸ್ತನಾಗಿ ನಾನು ವಿಜಯವಾಡಕ್ಕೆ ಬಂದು ಆಗ ಒಂದು ವರ್ಷ. ಪಟಮಟದಲ್ಲಿ ನಮಗೆ ಬಾಡಿಗೆಗೆ ಮನೆ ಕೊಟ್ಟಾಕೆಯನ್ನು ಪಿನ್ನಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಊರಾಚೆ ಆಕೆಗೆ ಮೂರು ಮಡಿ ಭತ್ತದ ಗದ್ದೆ, ಒಂದಕ್ಕಿಂತ ಒಂದು ತಗ್ಗಿನಲ್ಲಿ. ಸಂಜೆಗೆ ಮಳೆ ಎಂದು ಎಲ್ಲರ ಫೋನೂ ಹೇಳುತ್ತಿತ್ತು. ಮಾಗಿದ ತೆನೆ ನೆನೆದರೆ ನೆಲಕ್ಕೊರಗಿ ಮೊಳಕೆಯೊಡೆಯುತ್ತದೆ. ಹೊಸ ಯಂತ್ರಗಳೆಲ್ಲ ಬೇರೆಯವರ ಗದ್ದೆಗಳಲ್ಲಿದ್ದವು. ಸಿಕ್ಕಿದ್ದು ಪಿನ್ನಿಯ ತಮ್ಮನದು, ಅವನೇ ಓಡಿಸುವ ತೀರ ಹಳೆಯದು.

ಕಾಲುವೆ ಏರಿಯಿಂದ ಮೊದಲ ಮಡಿಗೆ ಇಳಿಯುವಾಗಲೇ ಅದರ ಹಿಂದಿನ ಚಕ್ರಗಳು ಗೇಣುದ್ದ ಮೇಲೆದ್ದವು. ಕೊಯ್ಯುವ ಭಾಗ ಮುಂದೆ, ಭಾರವೆಲ್ಲ ಅಲ್ಲೇ. ಅದಕ್ಕೆ ಸಮತೂಕವಾಗಿ ಹಿಂದೆ ಇರಬೇಕಾದ ಕಬ್ಬಿಣದ ದಿಮ್ಮಿಗಳನ್ನು ಹಳೆಯ ಮಾಲೀಕ ಯಾವತ್ತೋ ಬಿಚ್ಚಿಟ್ಟು ಕಳೆದಿದ್ದ. ದಿಕ್ಕು ತಿರುಗಿಸುವುದು ಹಿಂದಿನ ಚಕ್ರಗಳೇ. ಅವು ಗಾಳಿಯಲ್ಲಿದ್ದರೆ ಯಂತ್ರ ಯಾರ ಮಾತೂ ಕೇಳದು. ಪಿನ್ನಿಯ ತಮ್ಮ ಅದನ್ನು ಮೆಲ್ಲಗೆ ಹಿಂದೆ ತಂದು ಏರಿಯ ಮೇಲೆ ನಿಲ್ಲಿಸಿದ.

"ಭಾರದ ಲೆಕ್ಕ ನಾನು ಹೇಳ್ತೀನಿ" ಎಂದೆ. ಹಡಗಿನ ಮೂತಿ ತಗ್ಗಿದಾಗ ಹಿಂಬದಿಯ ತೊಟ್ಟಿಗಳಿಗೆ ನೀರು ತುಂಬಿಸಿ ಸರಿಮಾಡಿದವನು ನಾನು.

"ಗದ್ದಿಯೊಳಗ ಹಡಗ ನಡಸಾಕ ಹೊಂಟೀರೇನ್ರೀ?" ಎಂದಳು ಹೆಂಡತಿ. ಅಲ್ಲೇ ಅಂದಳೋ ಮನೆಗೆ ಬಂದ ಮೇಲೋ, ಖಾತ್ರಿಯಿಲ್ಲ. ಅಂದದ್ದಂತೂ ಹೌದು.

ಏರಿಯ ಪಕ್ಕ ಯಾರೋ ಸುರಿದಿದ್ದ ಮರಳನ್ನು ಹತ್ತು ಚೀಲಕ್ಕೆ ತುಂಬಿಸಿ ಹಿಂಬದಿಯ ಚೌಕಟ್ಟಿಗೆ ಕಟ್ಟಿಸಿದೆ. ಯಂತ್ರ ಸೊಗಸಾಗಿ ಇಳಿಯಿತು. ನಾನು ಹೆಂಡತಿಯ ಕಡೆ ನೋಡಿದೆ. ಇಪ್ಪತ್ತು ಹೆಜ್ಜೆ ಹೋಗುವುದರೊಳಗೆ ಹಿಂದಿನ ಚಕ್ರಗಳು ಅಚ್ಚಿನವರೆಗೆ ಹೂತುಹೋದವು. ನೀರು ಇಡೀ ಹಡಗನ್ನು ತಳದಿಂದ ಹೊತ್ತು ನಿಲ್ಲುತ್ತದೆ. ಕೆಸರು ಹಾಗಲ್ಲ, ಒತ್ತಿದ ಕಡೆ ಬಾಯಿ ಬಿಡುತ್ತದೆ. ಒಕ್ಕಲಿನ ಮನೆಯ ಯಾರಿಗಾದರೂ ಗೊತ್ತಿರುವ ಸಂಗತಿ.

ತಮ್ಮ ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಏಮಂಡೀ ನೇವಿ ಸಾರ್, ಲಂಗರು ಹಾಕಿಬಿಟ್ರಾ?"

ಚೀಲ ಬಿಚ್ಚಿ, ಚಕ್ರದಡಿ ಹುಲ್ಲು ತುರುಕಿ ಎಬ್ಬಿಸುವಷ್ಟರಲ್ಲಿ ಮಧ್ಯಾಹ್ನ. ಸಮನೆಲದಲ್ಲಿ ಹಿಂದಿನ ಭಾರವಿಲ್ಲದೆಯೇ ಮೊದಲ ಮಡಿ ಕೊಯ್ದಾಯಿತು. ಇನ್ನೆರಡು ಬದು ಇಳಿಯಬೇಕು. ಪ್ರತಿಸಲ ಚೀಲ ಕಟ್ಟಿ ಬಿಚ್ಚುತ್ತ ಕೂತರೆ ಮಳೆ ಕಾಯುವುದಿಲ್ಲ.

"ಚೀಲ ತಾನಾಗಿ ಇಳಿಯೋಲ್ಲ ಸಾರ್, ಮನುಷ್ಯ ಇಳೀತಾನೆ. ಹತ್ತಿ" ಎಂದ ತಮ್ಮ.

ತಕ್ಷಣ ಒಪ್ಪಿದೆ ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದ್ದೇನೆ. ಅಪಾಯವೆಂದು ವಾದಿಸಿದೆ, ಅಪಾಯವೇ ಅದು. ಅಷ್ಟರಲ್ಲಿ ಪಿನ್ನಿ ಸೀರೆ ಎತ್ತಿ ಕಟ್ಟಿ ಹಿಂಬದಿ ಏರಿ ನಿಂತಿದ್ದಳು. "ದಿನಾ ಮೂರು ಹೊತ್ತು ತಿನ್ನೋದು ಮತ್ತ್ಯಾವುದಕ್ಕೆ ಬಾಬು? ಬಾ."

ಹೆಂಡತಿ ಹತ್ತಿದಳು. ಭತ್ತ ಸಾಗಿಸಲು ಟ್ರಾಲಿ ತಂದಿದ್ದ ಟ್ರಾಕ್ಟರಿನವನು ಹತ್ತಿದ. ನಾನೂ, ನನ್ನ ಲೆಕ್ಕದ ಆ ಇನ್ನಿಬ್ಬರೂ. ಯಂತ್ರ ಬದುವಿನ ಮೇಲೆ ಬಾಗಿದಾಗ ಕಂಬಿ ಹಿಡಿದು ಮೈಯೆಲ್ಲ ಹಿಂದಕ್ಕೆ ಚೆಲ್ಲಿದೆವು. ಕಾಲಡಿಯಲ್ಲಿ ಚಕ್ರ ನೆಲ ಕಚ್ಚಿದ್ದು ಹಲ್ಲಿನವರೆಗೆ ತಿಳಿಯಿತು. ದಾಟಿ ನಿಲ್ಲಿಸಿ, "ದಿಗಂಡಿ, ದಿಗಂಡಿ!" ಎಂದು ತಮ್ಮ ಕೂಗುತ್ತಲೇ ಒಬ್ಬೊಬ್ಬರಾಗಿ ಕೆಸರಿಗೆ ಇಳಿದೆವು. ಹಗುರಾದ ಯಂತ್ರ ಹೂತುಹೋಗದೆ ಮುಂದೆ ಸಾಗಿತು. ಮುಂದಿನ ಬದುವಿನಲ್ಲಿ ಮತ್ತೆ ಹಾಗೆಯೇ.

ಹದಿನೈದು ವರ್ಷ ಕಲಿತದ್ದು ಅಂದು ಕೆಲಸಕ್ಕೆ ಬರಲಿಲ್ಲ, ಎಪ್ಪತ್ತೆಂಟು ಕಿಲೋ ಮೈ ಬಂತು. ಅಲ್ಲಿಯವರೆಗೆ ನಾನು ಆ ಮನೆಯವರಿಗೆ ಮೇಲಿನ ಮಹಡಿಯ ಕರ್ನಾಟಕದವರು. ಲೆಕ್ಕ ತಪ್ಪಿದವನನ್ನು ಪಕ್ಕಕ್ಕೆ ನಿಲ್ಲಿಸದೆ ಹತ್ತಿಸಿಕೊಂಡರಲ್ಲ, ಅದಕ್ಕೆ ಇವತ್ತಿಗೂ ಕೃತಜ್ಞ. ಇದರಲ್ಲಿ ಮಾತ್ರ ನನ್ನ ನೆನಪನ್ನು ನಾನು ನಂಬುತ್ತೇನೆ.

ಕೊನೆಯ ಭತ್ತ ಟ್ರಾಲಿಗೆ ಸುರಿದು ಟಾರ್ಪಾಲು ಕಟ್ಟುವಾಗ ದಪ್ಪ ಹನಿಗಳು ಬಿದ್ದವು. ಪಿನ್ನಿ ಟಾರ್ಪಾಲಿನಡಿ ಮೊಣಕೈವರೆಗೆ ಕೈ ತೂರಿಸಿ, ಒಂದು ಹಿಡಿ ಕಾಳು ತೆಗೆದು ಕೆನ್ನೆಗೆ ಒತ್ತಿಕೊಂಡಳು.

"ನೆಂದಿಲ್ಲ" ಎಂದಳು.