ಕಾವಲಿಯ ಪಕ್ಕದ ಗಂಟೆ

ಎಫ್‌ಎಂ ಎಂದ ಕೂಡಲೇ ಜನ ರೇಡಿಯೊ ಎಂದುಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಲ್ಯಾಪ್‌ಟಾಪಿನ ಸಿಂಥಸೈಜರ್‌ನಲ್ಲಿ ಶಬ್ದ ಕಟ್ಟುವ ಒಂದು ವಿಧಾನ. ಒಂದು ಕಂಪನವನ್ನು ಇನ್ನೊಂದು ಕಂಪನದಿಂದ ವೇಗವಾಗಿ ಅಲುಗಾಡಿಸುವುದು, ಅಷ್ಟೆ. ಎರಡರ ಅನುಪಾತ ಪೂರ್ಣಸಂಖ್ಯೆಯಾದರೆ ಕೊಳಲೋ ತಂತಿಯೋ ಅನ್ನಿಸುತ್ತದೆ, ಭಿನ್ನರಾಶಿಯಾದರೆ ಲೋಹ. ಅಲುಗಾಟ ಮೊದಲು ಜೋರಾಗಿದ್ದು ಬೇಗ ಇಳಿದರೆ ಗಂಟೆ.

ದೊಡ್ಡಪ್ಪನಿಗೆ ಮುಂಬೈಯ ಬಾಂದ್ರಾದಲ್ಲಿ ಹೋಟೆಲ್. ಏಸಿ ಹಾಕಿಸಿದ ಮೇಲೆ ಅಲ್ಲಿ ಸಪ್ಲಾಯರ್‌ಗಳು ಅಡುಗೆಮನೆಗೆ ಆರ್ಡರ್ ಕೂಗುವುದು ನಿಂತಿತು. ಫೋನಿನಲ್ಲಿ ಒತ್ತಿದರೆ ಕಾವಲಿಯ ಪಕ್ಕದ ಟ್ಯಾಬ್‌ನಲ್ಲಿ ಆರ್ಡರ್ ಬರುತ್ತದೆ, ಟ್ಯಾಬ್ ಪೀಪ್ ಅನ್ನುತ್ತದೆ. ದೋಸೆ ಹುಯ್ಯುವವರಿಗೆ, ನಾವೆಲ್ಲ ಅಣ್ಣ ಎಂದು ಕರೆಯುವವರಿಗೆ, ಅದು ತಪ್ಪಿಹೋಗುತ್ತಿತ್ತು.

"ನೀನು ಕಂಪ್ಯೂಟರಿನಲ್ಲಿ ಎಂತೆಂತದೋ ಸೌಂಡ್ ಮಾಡ್ತೀಯಲ್ಲ, ಇದಕ್ಕೊಂದು ಮಾಡಿ ಕೊಡು" ಎಂದರು ದೊಡ್ಡಪ್ಪ.

ಕಾಂದಿವಲಿಯ ನಮ್ಮ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನಾಲ್ಕು ದಿನ ಕೂತೆ. ಒಂದಕ್ಕೆ ಮೂರೂವರೆಯ ಅನುಪಾತ, ಮೇಲಿನ ಸ್ಥಾಯಿ, ಉದ್ದನೆಯ ಬಾಲ. ದೇವಸ್ಥಾನದ ಸಣ್ಣ ಗಂಟೆಯಂತೆ ಚೆಂದವಾಗಿತ್ತು. ಹಾಕಿ ವಾರವಾದರೂ ಆರ್ಡರ್‌ಗಳು ತಪ್ಪುತ್ತಲೇ ಇದ್ದವು.

ದೊಡ್ಡಪ್ಪ ಕಾರಣ ಕೇಳಿದಾಗ ನಾನು ವಾದಕ್ಕೇ ಇಳಿದೆ. "ಸೌಂಡ್ ಸರಿ ಉಂಟು, ಸ್ಪೀಕರ್ ಸರಿ ಉಂಟು, ಎಲ್ಲರಿಗೂ ಕೇಳ್ತದೆ. ಮತ್ತೆ ಉಳಿಯೂದು ಅವರ ಗಮನ ಮಾತ್ರ."

"ಹಾಗಾದ್ರೆ ಸೋಮವಾರದಿಂದ ಅವನು ತರಕಾರಿ ಹೆಚ್ಚಲಿ" ಎಂದುಬಿಟ್ಟರು ದೊಡ್ಡಪ್ಪ.

ಇಪ್ಪತ್ತು ವರ್ಷ ಕಾವಲಿಯ ಮುಂದೆ ನಿಂತವರನ್ನು ನನ್ನ ಮೂರು ಪಾಯಿಂಟ್ ಕೆಳಗಿಳಿಸಿದ್ದವು. ಕಾಲೇಜಿನ ಡಿಬೇಟ್‌ನಲ್ಲಿ ಎದುರು ಪಕ್ಷ ಹೀಗೆ ಮಾತಾಡಿದ್ದರೆ ಅಲ್ಲೇ ಹಿಡಿಯುತ್ತಿದ್ದೆ: ಎಲ್ಲರಿಗೂ ಅಂದರೆ ಯಾರಿಗೆ? ಇವರನ್ನು ಕೇಳಿದ್ದೀರಾ? ಕೇಳಿರಲಿಲ್ಲ.

ಶನಿವಾರ ಮೂರು ಗಂಟೆಗೆ, ಊಟದ ಗಲಾಟೆ ಮುಗಿದ ಮೇಲೆ, ಲ್ಯಾಪ್‌ಟಾಪನ್ನು ಸ್ಪೀಕರ್‌ಗೆ ಜೋಡಿಸಿ ಅಣ್ಣನ ಬೆನ್ನಹಿಂದೆ ನಿಂತೆ.

"ಅಣ್ಣಾ, ಕೇಳಿದ ಕೂಡ್ಲೆ ಸಟ್ಟುಗ ಎತ್ತಿ."

"ಎಂತ, ಪರೀಕ್ಷೆಯಾ? ಫೇಲ್ ಆದ್ರೆ ಅಪ್ಪನನ್ನು ಕರ್ಕೊಂಡು ಬರ್ಬೇಕಾ?"

ಕೆಳಗಿನ ಸ್ವರದಿಂದ ಮೇಲಕ್ಕೆ ಹೋದೆ. ಪ್ರತಿಯೊಂದಕ್ಕೂ ಸಟ್ಟುಗ ಎದ್ದಿತು. ನೂರಕ್ಕೆ ನೂರು ಯಾರು ತೆಗೆದರೂ ನನಗೆ ಅನುಮಾನ. ಮುಂದಿನ ಸಲ ಕೀಲಿ ಮುಟ್ಟದೆ ಬೆರಳನ್ನು ಮಾತ್ರ ಇಳಿಸಿದೆ. ಆಗಲೂ ಎದ್ದಿತು. ಕಾವಲಿಯ ಮೇಲಿನ ಚಿಮಣಿಯ ಸ್ಟೀಲ್ ತಗಡಿನಲ್ಲಿ ನನ್ನ ಕೈ ಸ್ಪಷ್ಟವಾಗಿ ಕಾಣುತ್ತಿತ್ತು.

"ನೀವು ಕೈ ನೋಡ್ತಾ ಇದ್ದೀರಿ."

ಅವರು ತಿರುಗಲಿಲ್ಲ. "ಈ ಚಿಮಣಿ ಫ್ಯಾನಿನ ಕೆಳಗೆ ಇಪ್ಪತ್ತು ವರ್ಷ ನಿಂತು ನೋಡು ಮಾರಾಯ್ತಿ. ದಪ್ಪ ಶಬ್ದ ಕೇಳ್ತದೆ, ಸಪೂರದ್ದು ಇಲ್ಲ. ಸೇಠ್‌ಗೆ ಹೇಳ್ಬೇಡ. ಕಿವಿ ಹೋಗಿದೆ ಅಂದ್ರೆ ಸೋಮವಾರದವರೆಗೂ ಕಾಯೂದಿಲ್ಲ ಅವರು."

ತಗಡಿಗೆ ಒಂದು ಟವೆಲ್ ಇಳಿಬಿಟ್ಟು ಮತ್ತೆ ಶುರುಮಾಡಿದೆವು. ತೀರ ಕೆಳಗಿನ ಸ್ವರಗಳನ್ನು ಫ್ಯಾನಿನ ಗುಂಯ್ ನುಂಗುತ್ತಿತ್ತು, ಮೇಲಿನವು ಅಣ್ಣನವರೆಗೆ ಹೋಗುತ್ತಲೇ ಇರಲಿಲ್ಲ. ನಡುವೆ ಒಂದು ಇಕ್ಕಟ್ಟಾದ ಜಾಗ ಸಿಕ್ಕಿತು. ಅನುಪಾತವನ್ನು ಒಂದಕ್ಕೆ ಒಂದೂವರೆಯ ಆಸುಪಾಸಿಗೆ ಇಳಿಸಿ, ಬಾಲ ಕತ್ತರಿಸಿ, ಹೊಡೆತವನ್ನು ಒರಟು ಮಾಡಿದೆ. ಬೋರಲು ಹಾಕಿದ ಬಾಣಲೆಗೆ ಕೊರಡಿನಿಂದ ಬಡಿದಂತೆ ಕೇಳಿತು. ನನಗೆ ಒಂಚೂರೂ ಹಿಡಿಸಲಿಲ್ಲ. ಸಟ್ಟುಗ ಮಾತ್ರ ಹತ್ತಕ್ಕೆ ಹತ್ತು ಸಲ ಎದ್ದಿತು.

ದೊಡ್ಡಪ್ಪನ ಕೌಂಟರಿಗೆ ಹೋಗಿ, "ತಪ್ಪು ನನ್ನ ಸೌಂಡಿನದ್ದು. ಕಾಂದಿವಲಿಯ ರೂಮಿಗೆ ಮಾಡಿದ್ದೆ, ಅಡುಗೆಮನೆಗಲ್ಲ" ಎಂದೆ. ಅದು ಸುಳ್ಳಾಗಿರಲಿಲ್ಲ. ಪೂರ್ತಿ ನಿಜವೂ ಆಗಿರಲಿಲ್ಲ.

"ಸೌಂಡ್ ಸರಿ ಉಂಟು ಅಂತ ವಾದ ಮಾಡಿದ್ದು ಯಾರು ವಕೀಲಮ್ಮ?"

"ನಾನೇ. ಸೋತೆ. ಸೋಮವಾರ ಹೊಸದು ಹಾಕಿ ನೋಡಿ, ಆಮೇಲೆ ಬೇಕಾದ್ರೆ ಅಣ್ಣನನ್ನು ಇಳಿಸಿ."

ಸೋಮವಾರ ಬೆಳಗಿನ ರಶ್ಶಿನಲ್ಲಿ ದೊಡ್ಡಪ್ಪ ಅಡುಗೆಮನೆಯ ಬಾಗಿಲಲ್ಲೇ ನಿಂತರು. ಅಣ್ಣನಿಗೆ ತಪ್ಪಿದ್ದು ಒಂದೇ ಒಂದು ಆರ್ಡರ್, ಅದೂ ಗ್ರೈಂಡರ್ ತಿರುಗುತ್ತಿದ್ದಾಗ.

"ಥೂ, ಎಂತ ಶಬ್ದ ಇದು!" ಎಂದು ದೊಡ್ಡಪ್ಪ ಮುಖ ಸಿಂಡರಿಸಿದರು. ಆಮೇಲೆ, "ತರಕಾರಿಗೆ ಬೇರೆ ಜನ ನೋಡ್ಬೇಕು ಇನ್ನು" ಎಂದು ಕೌಂಟರಿನ ಕಡೆ ಹೋದರು.