ನಲವತ್ತೊಂದು ಬಾಗಿಲು, ಎರಡೆರಡು ನಂಬರು

ಬೆಳಗಿನ ಆರು ಗಂಟೆ. ಚಾಮುಂಡಿ ಬೆಟ್ಟದ ನೆತ್ತಿ ಇನ್ನೂ ಮಂಜಿನಲ್ಲಿದೆ. ಉದಯಗಿರಿಯ ಆಚೆ, ಬಡವರಿಗೆಂದು ಕಟ್ಟಿದ ಹೊಸ ಹೆಂಚಿನ ಮನೆಗಳ ಸಾಲಿನಲ್ಲಿ ಮರಿಯಯ್ಯನವರು ಸ್ಟೂಲು ಹತ್ತಿ, ಬಾಗಿಲ ಮೇಲೆ ಕಪ್ಪು ಬಣ್ಣದಲ್ಲಿ ೧೫ ಬರೆಯುತ್ತಾರೆ. ಕುಂಚ ಒರೆಸಿ, ಪಕ್ಕದಲ್ಲೇ ಕೆಂಪಿನಲ್ಲಿ ೨೭ ಬರೆಯುತ್ತಾರೆ. ಮನೆ ಒಂದೇ.

ಯಾವುದು ಸರಿ ಎಂದರೆ, "ಎರಡೂ ಸರ್ಕಾರದ್ದೇ ಕಣ್ರೀ" ಎನ್ನುತ್ತಾರೆ.

ಜಾಗ ಒಂದು ಕಚೇರಿಯದು, ಕಟ್ಟಡ ಇನ್ನೊಂದರದು. ಇಬ್ಬರೂ ಕೈ ಜೋಡಿಸಿದ್ದಾರೆ. ನಡೆದುಬಂದ ದಿಕ್ಕು ಮಾತ್ರ ಬೇರೆ. ಜಾಗದವರು ಪೂರ್ವ ಶುಭವೆಂದು ಅಲ್ಲಿಂದ ಎಣಿಸಿದರು; ಕಪ್ಪು ನಂಬರು ಅವರದು. ಕಟ್ಟಡದವರು ಪಶ್ಚಿಮದಿಂದ ಎಣಿಸಿದರು, ಅವರ ಜೀಪು ನಿಲ್ಲುವುದು ಅಲ್ಲಿ; ಕೆಂಪು ಅವರದು. ಮನೆಪತ್ರಗಳನ್ನು ಎರಡು ಕಚೇರಿಗಳೂ ಹಂಚಿವೆ.

ಇಪ್ಪತ್ತೆರಡು ವರ್ಷ ಟಾಂಗಾಗಳಿಗೆ ನಂಬರು ಬರೆದ ಕೈ ಇದು. ದಿನಕ್ಕೆ ಹದಿನಾಲ್ಕು ಬಾಗಿಲು, ಇಪ್ಪತ್ತೆಂಟು ನಂಬರು. ಅವರಿಗೂ ಒಂದು ಮನೆ ಮಂಜೂರಾಗಿದೆ: ಹನ್ನೆರಡು. ಯಾವ ಬಣ್ಣದ ಹನ್ನೆರಡೆಂದು ಪತ್ರದಲ್ಲಿಲ್ಲ. ತಿಂಗಳ ಕೊನೆಯೊಳಗೆ ಒಕ್ಕಲಾಗದಿದ್ದರೆ ರದ್ದು ಎಂಬುದು ಮಾತ್ರ ಸ್ಪಷ್ಟವಾಗಿದೆ. ಉಳಿದಿರುವುದು ಒಂಬತ್ತು ದಿನ.

ಕಪ್ಪು ಹನ್ನೆರಡರಲ್ಲಿ ಊದುಬತ್ತಿ ಹೊಸೆಯುವ ಸಿದ್ದಲಿಂಗಮ್ಮ ಆಗಲೇ ಒಲೆ ಹೂಡಿದ್ದಾರೆ. ಅದೇ ಬಾಗಿಲ ಕೆಂಪು ಮೂವತ್ತು ಅವರ ಪತ್ರದಲ್ಲಿದೆ. ಕೆಂಪು ಹನ್ನೆರಡಕ್ಕೆ ಬೀಗ. ಬೀಗದಕೈ ಕೇಳಿದರೆ ಆ ಕಚೇರಿ ಈ ಕಚೇರಿಯನ್ನು ತೋರಿಸುತ್ತದೆ, ಈ ಕಚೇರಿ ಆ ಕಚೇರಿಯನ್ನು.

"ಊರೋರ ಮನೆಗೆಲ್ಲ ನಂಬರ್ ಬರೀತಾರೆ, ನಮ್ಮನೆ ಯಾವ್ದು ಅಂದ್ರೆ ಬೆಟ್ಟ ನೋಡ್ತಾರೆ" ಎನ್ನುತ್ತಾರೆ ಅವರ ಹೆಂಡತಿ ಭಾಗ್ಯಮ್ಮ, ಗಂಜಿ ತಂದಿಟ್ಟು.

ಸಿದ್ದಲಿಂಗಮ್ಮನವರು ಹೊಸಿಲಿಂದಲೇ ಉಪಾಯ ಹೇಳುತ್ತಾರೆ: "ಕುಂಚ ನಿಮ್ ಕೈಲೇ ಐತಲ್ಲಣ್ಣ. ಕಪ್ಪು ಸಾಲು ಪೂರಾ ಅಳಿಸ್ಬುಡಿ."

"ಅಳ್ಸು ಅಂತ ಯಾರೂ ಹೇಳಿಲ್ವಲ್ಲಮ್ಮ. ಅಂಗೇನಾರ ಮಾಡಿದ್ರೆ, ಕಪ್ಪು ನಂಬರ್ ನಂಬ್ಕೊಂಡು ಬಂದೋರು ಬೀದೀಲಿ ನಿಂತ್ಕೋಬೇಕು."

ಮಧ್ಯಾಹ್ನದ ಹೊತ್ತಿಗೆ ಅವರು ಸಾಲಿನ ನಟ್ಟನಡುವಿನ ಬಾಗಿಲಿಗೆ ಬರುತ್ತಾರೆ. ಕಪ್ಪಿನಲ್ಲಿ ೨೧. ಕೆಂಪಿನಲ್ಲಿ ೨೧. ಸ್ಟೂಲಿಳಿದು, ಹಿಂದೆ ಸರಿದು, ತುಸು ಹೊತ್ತು ನೋಡುತ್ತಾರೆ.

"ಇದೊಂದು ಮನೇಲಿ ಇಬ್ರೂ ಒಪ್ಪವ್ರೆ" ಎನ್ನುತ್ತಾರೆ. "ನಂಗೇನೂ ಬ್ಯಾಡ ಸ್ವಾಮಿ. ಎರಡು ಆಫೀಸ್ನೋರೂ ಒಂದು ದಿನ, ಒಂದೇ ಕಡೆಯಿಂದ ನಡ್ಕೊಂಡು ಬರ್ಲಿ. ಹನ್ನೆರಡು ಅಂತ ಎಲ್ಲಿ ನಿಲ್ತಾರೋ ಅಲ್ಲೇ ಪಾತ್ರೆ ಇಳುಸ್ತೀನಿ."